ಎಸ್‌ಎಸ್‌ಆರ್‌ಎಸ್ ವರದಿಯಲ್ಲಿ ಜಿಲ್ಲೆ–ತಾಲ್ಲೂಕು ಆಯ್ಕೆಪಟ್ಟಿ: ನಾನು ಕಟ್ಟುವ ಬಗೆ

ಎಲ್ಲ ತಾಲ್ಲೂಕುಗಳಿಗೂ ಟಿಕ್ ಹಾಕಿದ ಮೇಲೂ ವರದಿಯ ಮೊತ್ತ ಮೂಲ ಟೇಬಲ್ಲಿನ ಮೊತ್ತಕ್ಕಿಂತ ಕಡಿಮೆ ಬಂದರೆ ನಾನು ಮೊದಲು ನೋಡುವುದು ಆಯ್ಕೆಪಟ್ಟಿಯನ್ನು. ಡೇಟಾಬೇಸಿನಿಂದ ವರದಿ ತಯಾರಿಸುವ ಮೈಕ್ರೋಸಾಫ್ಟ್‌ನ ಎಸ್‌ಎಸ್‌ಆರ್‌ಎಸ್‌ನಲ್ಲಿ (ಎಸ್‌ಕ್ಯೂಎಲ್ ಸರ್ವರ್ ರಿಪೋರ್ಟಿಂಗ್ ಸರ್ವೀಸಸ್) ಹಲವನ್ನು ಆರಿಸಬಹುದಾದ ಪ್ಯಾರಾಮೀಟರ್‌ಗೆ, ಅಂದರೆ ಬಳಕೆದಾರರ ಆಯ್ಕೆಯನ್ನು ಕ್ವೆರಿಗೆ ಒಯ್ಯುವ ಜಾಗಕ್ಕೆ, ನಲ್ (ಮೌಲ್ಯವೇ ಇಲ್ಲದ್ದು) ಸೇರಿಸಲು ಬರುವುದಿಲ್ಲ. ತಾಲ್ಲೂಕು ನಮೂದಾಗದ ಸಾಲುಗಳು ಹಾಗಾಗಿ ಸದ್ದಿಲ್ಲದೆ ಬಿಟ್ಟುಹೋಗುತ್ತವೆ, ಎರರ್ ಕೂಡ ಬರುವುದಿಲ್ಲ. ಇದಕ್ಕೆ ಪಟ್ಟಿಯ ಕ್ವೆರಿಗೆ ಯೂನಿಯನ್ ಆಲ್ (ಎರಡು ಫಲಿತಾಂಶಗಳನ್ನು ಒಂದಾಗಿ ಜೋಡಿಸುವ ಆದೇಶ) ಮೂಲಕ ಒಂದು ಸಾಲು ಸೇರಿಸುತ್ತೇನೆ: ಕೋಡ್ -1, ಹೆಸರು 'ನಮೂದಾಗಿಲ್ಲ'. ಮುಖ್ಯ ಕ್ವೆರಿಯ ವೇರ್ ಭಾಗದಲ್ಲೂ (ಸಾಲುಗಳನ್ನು ಸೋಸುವ ಭಾಗ) ತಾಲ್ಲೂಕು ಕೋಡ್‌ಗೆ, ನಲ್ ಇದ್ದಲ್ಲಿ ಬೇರೆ ಮೌಲ್ಯ ಕೊಡುವ ಇಸ್‌ನಲ್ ಹಾಕಿ ಅದೇ -1 ಕೊಡಬೇಕು. ಒಂದು ಕಡೆ ಮಾತ್ರ ಮಾಡಿದರೆ ಪ್ರಯೋಜನವಿಲ್ಲ. ಕನ್ನಡದ ಹೆಸರನ್ನು ಕ್ವೆರಿಯಲ್ಲೇ ಬರೆಯುವಾಗ ಉದ್ಧರಣ ಚಿಹ್ನೆಗೆ ಮುಂಚೆ ದೊಡ್ಡಕ್ಷರದ ಎನ್ ಇರಲಿ. ಇಲ್ಲದಿದ್ದರೆ ಪಟ್ಟಿಯಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತವೆ.

ಕ್ವೆರಿಗೆ ಹೋಗುವ ವ್ಯಾಲ್ಯೂ ಫೀಲ್ಡ್‌ಗೆ ಯಾವಾಗಲೂ ಕೋಡ್, ಪಟ್ಟಿಯಲ್ಲಿ ಕಾಣುವ ಲೇಬಲ್ ಫೀಲ್ಡ್‌ಗೆ ಹೆಸರು. 2014ರಲ್ಲಿ ಗುಲ್ಬರ್ಗಾ ಕಲಬುರಗಿ ಆಯಿತು, ಬಿಜಾಪುರ ವಿಜಯಪುರ ಆಯಿತು. ಹೆಸರನ್ನೇ ವ್ಯಾಲ್ಯೂ ಮಾಡಿಟ್ಟ ವರದಿಯಲ್ಲಿ ಇಂಥ ಬದಲಾವಣೆಯಾದರೆ ಡಿಫಾಲ್ಟ್‌ಗಳೂ (ಮೊದಲೇ ಆರಿಸಿಟ್ಟ ಆಯ್ಕೆಗಳು) ಉಳಿಸಿಟ್ಟ ಸಬ್‌ಸ್ಕ್ರಿಪ್ಶನ್‌ಗಳೂ (ವರದಿಯನ್ನು ತಾನಾಗಿ ಕಳುಹಿಸುವ ಏರ್ಪಾಡುಗಳು) ಕೆಡುತ್ತವೆ. ಕೋಡ್ ಇದ್ದರೆ ಮಾಸ್ಟರ್ ಟೇಬಲ್ಲಿನಲ್ಲಿ ಹೆಸರು ತಿದ್ದಿದರೆ ಸಾಕು. ಆದರೆ 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾದಂಥ ಸಂದರ್ಭಕ್ಕೆ ಕೋಡ್ ಒಂದೇ ಸಾಲದು. ಹಳೆಯ ಸಾಲುಗಳು ಯಾವ ಜಿಲ್ಲೆಗೆ ಸೇರಬೇಕೆಂದು ವರದಿ ಬಳಸುವವರನ್ನೇ ಕೇಳಿ ತೀರ್ಮಾನಿಸಬೇಕು.

ಪ್ಯಾರಾಮೀಟರ್‌ಗಳ ಸಾಲಿನಲ್ಲಿ ಜಿಲ್ಲೆ ಮೇಲಿರಬೇಕು, ತಾಲ್ಲೂಕು ಅದರ ಕೆಳಗೆ. ಕ್ರಮ ತಪ್ಪಿದರೆ ವರದಿ ಓಡುವುದೇ ಇಲ್ಲ. ತಾಲ್ಲೂಕಿನ ಅವೈಲಬಲ್ ವ್ಯಾಲ್ಯೂಸ್‌ಗೂ (ಪಟ್ಟಿಯಲ್ಲಿ ಸಿಗುವವು) ಡಿಫಾಲ್ಟ್ ವ್ಯಾಲ್ಯೂಸ್‌ಗೂ ಒಂದೇ ಡೇಟಾಸೆಟ್ (ಕ್ವೆರಿಯ ಫಲಿತಾಂಶ) ಕೊಟ್ಟರೆ ತೆರೆದ ಕೂಡಲೇ ಎಲ್ಲಕ್ಕೂ ಟಿಕ್ ಬಿದ್ದಿರುತ್ತದೆ. ಡಿಫಾಲ್ಟ್ ಬೇರೆ ಟೇಬಲ್ಲಿನಿಂದ ಬರುವಾಗ ಕಾಲಂ ಚಾರ್ ಮಾದರಿಯದ್ದಾಗಿದ್ದರೆ (ನಿಗದಿತ ಉದ್ದದ ಪಠ್ಯ) ಕೊನೆಯ ಖಾಲಿ ಜಾಗಗಳಿಂದಾಗಿ ಹೊಂದಿಕೆಯಾಗದೆ ಯಾವುದಕ್ಕೂ ಟಿಕ್ ಬೀಳುವುದಿಲ್ಲ. ಕೊನೆಯ ಖಾಲಿ ಜಾಗ ತೆಗೆಯುವ ಆರ್‌ಟ್ರಿಮ್ ಹಾಕಿ.

ಹೆಚ್ಚು ಕಾಡುವುದು ಇನ್ನೊಂದು. ಬಳಕೆದಾರರು ತುಮಕೂರಿನ ಜೊತೆಗೆ ಹಾಸನವನ್ನೂ ಆರಿಸುತ್ತಾರೆ. ತುಮಕೂರಿನ ತಾಲ್ಲೂಕುಗಳು ಹೊಸ ಪಟ್ಟಿಯಲ್ಲೂ ಇರುವುದರಿಂದ ಎಸ್‌ಎಸ್‌ಆರ್‌ಎಸ್ ಹಳೆಯ ಆಯ್ಕೆಯನ್ನೇ ಉಳಿಸಿಕೊಳ್ಳುತ್ತದೆ, ಡಿಫಾಲ್ಟನ್ನು ಮತ್ತೆ ಓದುವುದಿಲ್ಲ. ಹಾಸನದ ತಾಲ್ಲೂಕುಗಳು ಟಿಕ್ ಇಲ್ಲದೆ ಕೂರುತ್ತವೆ. ಆರಿಸಿದ ಜಿಲ್ಲೆಗಳ ಕೋಡ್‌ಗಳನ್ನೆಲ್ಲ ತಾಲ್ಲೂಕಿನ ವ್ಯಾಲ್ಯೂಗೆ ಮುಂದೆ ಅಂಟಿಸಿದರೆ ಪ್ರತಿ ಸಲ ವ್ಯಾಲ್ಯೂಗಳೇ ಬದಲಾಗಿ ಡಿಫಾಲ್ಟ್ ಹೊಸದಾಗಿ ಬರುತ್ತದೆ, ಆದರೆ ಮುಖ್ಯ ಕ್ವೆರಿಯಲ್ಲಿ ಅದನ್ನು ಮತ್ತೆ ಬಿಡಿಸಿಕೊಳ್ಳಬೇಕು. ನನಗೆ ಅದಕ್ಕಿಂತ ಹಿಡಿಸಿದ್ದು, ಆಯ್ದ ತಾಲ್ಲೂಕುಗಳ ಲೇಬಲ್‌ಗಳನ್ನು ಜಾಯಿನ್ ಫಂಕ್ಷನ್ನಿಂದ ಸೇರಿಸಿ ವರದಿಯ ತಲೆಭಾಗದಲ್ಲೇ ಅಚ್ಚು ಮಾಡುವುದು. ಯಾವ ತಾಲ್ಲೂಕುಗಳ ಅಂಕಿಅಂಶ ಇದು ಎಂಬುದು ಓದುವವರಿಗೆ ಗೊತ್ತಾಗಲೇಬೇಕು.

ಮುಖ್ಯ ಕ್ವೆರಿಗೆ ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸಿನಲ್ಲೇ ಉಳಿಸಿಟ್ಟ ಕ್ವೆರಿ) ಬಳಸಿದರೆ ಆಯ್ಕೆಗಳೆಲ್ಲ ಅಲ್ಪವಿರಾಮ ಹಾಕಿದ ಒಂದೇ ಸ್ಟ್ರಿಂಗ್ ಆಗಿ ಬರುತ್ತವೆ. ಎಸ್‌ಕ್ಯೂಎಲ್ ಸರ್ವರ್ 2016 ಅಥವಾ ನಂತರದ್ದಾದರೆ ಅದನ್ನು ಬಿಡಿಸಲು ಸ್ಟ್ರಿಂಗ್ ಸ್ಪ್ಲಿಟ್ ಫಂಕ್ಷನ್ ಸಾಕು, ಡೇಟಾಬೇಸಿನ ಕಂಪ್ಯಾಟಿಬಿಲಿಟಿ ಲೆವೆಲ್ (ಯಾವ ಆವೃತ್ತಿಯಂತೆ ನಡೆಯಬೇಕೆಂಬ ಸೆಟ್ಟಿಂಗ್) ಕನಿಷ್ಠ 130 ಇರಬೇಕು ಅಷ್ಟೆ.

ಡಿಫಾಲ್ಟ್ ತಿದ್ದಿ ವರದಿಯನ್ನು ಮತ್ತೆ ಡಿಪ್ಲಾಯ್ ಮಾಡಿದರೂ (ಸರ್ವರ್‌ಗೆ ಏರಿಸಿದರೂ) ಸರ್ವರ್ ಮೇಲೆ ಹಳೆಯದೇ ಉಳಿಯುತ್ತದೆ. ವೆಬ್ ಪೋರ್ಟಲ್‌ನಲ್ಲಿ ಆ ವರದಿಯ ಮ್ಯಾನೇಜ್ ಪುಟಕ್ಕೆ ಹೋಗಿ ಪ್ಯಾರಾಮೀಟರ್ಸ್ ಭಾಗದಲ್ಲಿ ಬದಲಿಸಿ. ವರದಿಯನ್ನು ಅಳಿಸಿ ಹೊಸದಾಗಿ ಹಾಕಿದರೂ ಸರಿಹೋಗುತ್ತದೆ, ಆದರೆ ಅದರ ಸಬ್‌ಸ್ಕ್ರಿಪ್ಶನ್‌ಗಳೂ ಜೊತೆಗೇ ಅಳಿಸಿಹೋಗುತ್ತವೆ.