ಒಂದು ಫುಲ್ ಟ್ಯಾಂಕಿಗೆ ನಿಮ್ಮ ಪಿಕಪ್ ಎಷ್ಟು ದೂರ ಓಡುತ್ತದೆ? ಲೆಕ್ಕ ಹಾಕುವ ಬಗೆ

ಪಿಕಪ್ ಟ್ರಕ್ ಕೊಂಡವರಲ್ಲಿ ಅನೇಕರು ಟ್ಯಾಂಕಿನ ಸಾಮರ್ಥ್ಯವನ್ನು ಕಂಪನಿ ಹೇಳಿದ ಮೈಲೇಜಿನಿಂದ ಗುಣಿಸಿ, ಬಂದ ಸಂಖ್ಯೆಯನ್ನೇ ಗಾಡಿ ಓಡುವ ದೂರವೆಂದು ನಂಬಿಬಿಡುತ್ತಾರೆ. ಕಾರಿನ ಮಟ್ಟಿಗೆ ಈ ಲೆಕ್ಕ ತೀರಾ ಕೈಕೊಡುವುದಿಲ್ಲ, ಏಕೆಂದರೆ ಕಾರು ಹೆಚ್ಚುಕಡಿಮೆ ಒಂದೇ ತೂಕ ಹೊತ್ತು ಓಡುತ್ತದೆ. ಪಿಕಪ್ ಹಾಗಲ್ಲ. ಬೆಳಿಗ್ಗೆ ಖಾಲಿ ಹೋದ ಗಾಡಿ ಮಧ್ಯಾಹ್ನ ಅರ್ಧ ಟನ್ ಹೊತ್ತು ಬರಬಹುದು, ಸಂಜೆ ಬೆನ್ನಿಗೆ ಟ್ರೇಲರ್ ಕಟ್ಟಿಕೊಂಡಿರಬಹುದು. ಆದ್ದರಿಂದ ಪಿಕಪ್‌ಗೆ ಒಂದು ಟ್ಯಾಂಕಿನ ದೂರ ಎಂಬುದು ಒಂದಲ್ಲ, ಕನಿಷ್ಠ ಮೂರು ಇರುತ್ತವೆ. ಆ ಮೂರನ್ನೂ ನಿಮ್ಮ ಗಾಡಿಯಿಂದಲೇ ಅಳೆದು ತಿಳಿಯುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಬೇಕಾಗುವ ಸಾಧನಗಳು ಒಂದು ಪೆನ್ನು, ಒಂದು ಸಣ್ಣ ಪುಸ್ತಕ ಮತ್ತು ಎರಡು ಮೂರು ವಾರಗಳ ತಾಳ್ಮೆ.

ಮೊದಲು ಟ್ಯಾಂಕಿನ ಅಳತೆ ತಿಳಿಯಿರಿ

ಗಾಡಿಯ ಕೈಪಿಡಿಯಲ್ಲಿ ನಿಮ್ಮ ಮಾದರಿಗೆ ಸೇರಿದ ಸಾಮರ್ಥ್ಯವನ್ನೇ ಹುಡುಕಿ ಬರೆದುಕೊಳ್ಳಬೇಕು. ಒಂದೇ ಹೆಸರಿನ ಪಿಕಪ್‌ನಲ್ಲಿ ಕ್ಯಾಬಿನ್ನಿನ ಗಾತ್ರ, ಲೋಡ್ ಬಾಡಿಯ ಉದ್ದ ಮತ್ತು ಎಂಜಿನ್ನಿಗೆ ತಕ್ಕಂತೆ ಟ್ಯಾಂಕ್ ಬದಲಾಗುವುದರಿಂದ ನೆರೆಮನೆಯವರ ಗಾಡಿಯ ಸಂಖ್ಯೆ ನಿಮಗೆ ಹೊಂದದೆ ಹೋಗಬಹುದು. ಮಧ್ಯಮ ಗಾತ್ರದ ಗಾಡಿಗಳಾದ ಟೊಯೋಟಾ ಹೈಲಕ್ಸ್‌ನಲ್ಲಿ 80 ಲೀಟರ್, ಇಸುಜು ಡಿ-ಮ್ಯಾಕ್ಸ್‌ನಲ್ಲಿ 76 ಲೀಟರ್ ಹಿಡಿಯುವ ಟ್ಯಾಂಕ್ ಸಾಮಾನ್ಯ. ಅಮೆರಿಕದ ದೊಡ್ಡ ಗಾಡಿಗಳ ಕಥೆಯೇ ಬೇರೆ. ಫೋರ್ಡ್ ಎಫ್-150ಗೆ 36 ಗ್ಯಾಲನ್, ಅಂದರೆ ಸುಮಾರು 136 ಲೀಟರಿನ ಟ್ಯಾಂಕನ್ನೂ ಕೊಟ್ಟಿದ್ದಾರೆ. ಅದೇ ಕಂಪನಿಯ ಸೂಪರ್ ಡ್ಯೂಟಿ ಸಾಲಿನ ಉದ್ದ ಬಾಡಿಯ ಕೆಲವು ಗಾಡಿಗಳಲ್ಲಿ ಅದು 48 ಗ್ಯಾಲನ್, ಸುಮಾರು 182 ಲೀಟರ್. ಗ್ಯಾಲನ್ ಎಂದು ಓದಿದಾಗ ಒಂದು ಎಚ್ಚರಿಕೆ ಬೇಕು. ಅಮೆರಿಕದ ಗ್ಯಾಲನ್ 3.785 ಲೀಟರ್, ಬ್ರಿಟನ್ನಿನದು 4.546 ಲೀಟರ್. ಒಂದರ ಜಾಗದಲ್ಲಿ ಇನ್ನೊಂದನ್ನು ಹಿಡಿದರೆ ಲೆಕ್ಕ ಶೇ 20ರಷ್ಟು ತಪ್ಪುತ್ತದೆ.

ಬಾಡಿಯ ಉದ್ದಕ್ಕೂ ಟ್ಯಾಂಕಿಗೂ ಏನು ನಂಟು ಎಂದು ಕೇಳಬಹುದು. ಹೆಚ್ಚಿನ ಪಿಕಪ್‌ಗಳಲ್ಲಿ ಟ್ಯಾಂಕ್ ಕೂರುವುದು ಚಾಸಿಯ ಪಕ್ಕದ ತೊಲೆಗೂ ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಒಯ್ಯುವ, ಗಾಡಿಯ ಮಧ್ಯದಲ್ಲಿ ಹಾದುಹೋಗುವ ಪ್ರೊಪೆಲ್ಲರ್ ಶಾಫ್ಟ್‌ಗೂ ನಡುವಿನ ಇಕ್ಕಟ್ಟಿನಲ್ಲಿ. ಅಲ್ಲಿ ಅಗಲವನ್ನು ಹಿಗ್ಗಿಸಲು ಜಾಗವಿಲ್ಲ, ಕೆಳಕ್ಕೆ ಇಳಿಸಿದರೆ ಕಲ್ಲು ಬಡಿಯುತ್ತದೆ; ಉಳಿದಿರುವುದು ಉದ್ದವೊಂದೇ.

ಮೈಲೇಜನ್ನು ಬಂಕಿನಲ್ಲೇ ಅಳೆಯಿರಿ

ಡ್ಯಾಶ್‌ಬೋರ್ಡಿನ ಪರದೆ ತೋರಿಸುವ ಮೈಲೇಜನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ ಅಳೆಯುವ ಹಳೆಯ ವಿಧಾನಕ್ಕಿಂತ ನಂಬಿಕೆಗೆ ಅರ್ಹವಾದದ್ದು ಇನ್ನೂ ಬಂದಿಲ್ಲ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ನಾಜಲ್ ತಾನಾಗಿ ಮೊದಲ ಸಲ ಟಕ್ ಎಂದು ನಿಂತಾಗ ಸಾಕೆಂದು ಹೇಳಿ, ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ. ಎಂದಿನಂತೆ ಓಡಿಸಿ. ಮತ್ತೆ ಇಂಧನ ಹಾಕಿಸುವಾಗ ಸಾಧ್ಯವಾದರೆ ಅದೇ ಬಂಕಿನ ಅದೇ ಯಂತ್ರದಲ್ಲಿ, ಮೊದಲ ಟಕ್ ಸದ್ದಿಗೇ ನಿಲ್ಲಿಸಿ, ಹಿಡಿದ ಲೀಟರ್ ಮತ್ತು ಓಡಿದ ಕಿಲೋಮೀಟರ್ ಎರಡನ್ನೂ ಬರೆದುಕೊಳ್ಳಿ.

ಮೊದಲ ಟಕ್ ಸದ್ದಿಗೇ ನಿಲ್ಲಿಸಬೇಕೆನ್ನುವುದಕ್ಕೆ ಕಾರಣವಿದೆ. ನಾಜಲಿನ ತುದಿಯನ್ನು ಹತ್ತಿರದಿಂದ ನೋಡಿದರೆ ಒಳಬದಿಯಲ್ಲಿ ಸಣ್ಣದೊಂದು ತೂತು ಕಾಣುತ್ತದೆ. ಇಂಧನ ಹರಿಯುವಾಗ ಆ ತೂತು ಗಾಳಿಯನ್ನು ಎಳೆದುಕೊಳ್ಳುತ್ತಿರುತ್ತದೆ. ಇಂಧನ ಏರಿ ಬಂದು ತೂತನ್ನು ಮುಚ್ಚಿದ ಕೂಡಲೇ ಗಾಳಿ ಸಿಗದೆ ಒಳಗೆ ನಿರ್ವಾತ ಉಂಟಾಗಿ ಕವಾಟ ಮುಚ್ಚಿಕೊಳ್ಳುತ್ತದೆ. ಪ್ರತಿ ಸಲವೂ ಇಂಧನ ಸುಮಾರು ಅದೇ ಮಟ್ಟಕ್ಕೆ ಬರುವುದರಿಂದ ಅದು ಅಳತೆಗೆ ಒಳ್ಳೆಯ ಗುರುತು. ಅದಾದ ಮೇಲೂ ಒತ್ತಿ ಒತ್ತಿ ತುಂಬಿಸುವ ಅಭ್ಯಾಸ ಅನೇಕರಿಗಿದೆ. ದಯವಿಟ್ಟು ಬೇಡ. ಟ್ಯಾಂಕಿನ ಮೇಲ್ಭಾಗದಲ್ಲಿ ಖಾಲಿ ಜಾಗ ಬಿಟ್ಟಿರುವುದು ಇಂಧನ ಬಿಸಿಲಿಗೆ ಹಿಗ್ಗಲೆಂದು. ಪೆಟ್ರೋಲ್ ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು ಸಾವಿರದಲ್ಲಿ ಒಂದು ಪಾಲು ಹಿಗ್ಗುತ್ತದೆ, ಅಂದರೆ 15 ಡಿಗ್ರಿ ಬಿಸಿಯೇರಿದರೆ 100 ಲೀಟರ್ ಪೆಟ್ರೋಲ್ ಸುಮಾರು ಒಂದೂವರೆ ಲೀಟರ್ ಉಬ್ಬುತ್ತದೆ. ಜಾಗವಿಲ್ಲದಿದ್ದರೆ ಪೆಟ್ರೋಲ್ ಆವಿಯನ್ನು ಹೀರಿಕೊಳ್ಳಲು ಇಟ್ಟಿರುವ ಇದ್ದಿಲಿನ ಡಬ್ಬಿಗೆ ದ್ರವವೇ ನುಗ್ಗಿ, ಅದನ್ನೇ ಬದಲಿಸಬೇಕಾಗಿ ಬರಬಹುದು.

ಒಂದೇ ಸಲದ ಅಳತೆಯನ್ನು ನೆಚ್ಚಬಾರದು, ಕನಿಷ್ಠ ಮೂರು ಬೇಕು. ಉದಾಹರಣೆಗೆ ಖಾಲಿ ಗಾಡಿ ಮೊದಲ ಸಲ 54 ಲೀಟರಿಗೆ 612 ಕಿ.ಮೀ., ಎರಡನೆಯ ಸಲ 46 ಲೀಟರಿಗೆ 487 ಕಿ.ಮೀ., ಮೂರನೆಯ ಸಲ 57 ಲೀಟರಿಗೆ 655 ಕಿ.ಮೀ. ಓಡಿತು ಎನ್ನೋಣ. ಒಟ್ಟು 157 ಲೀಟರಿಗೆ 1,754 ಕಿ.ಮೀ.; ಭಾಗಿಸಿದರೆ ಲೀಟರಿಗೆ 11.2 ಕಿ.ಮೀ. ಸಿಗುತ್ತದೆ. ಇದು ನಿಮ್ಮ ಗಾಡಿ ಖಾಲಿಯಾಗಿ ಓಡುವಾಗಿನ ಮೈಲೇಜ್. ಇದೇ ಕ್ರಮದಲ್ಲಿ ಹೊರೆ ಹೇರಿದಾಗಿನದನ್ನೂ ಟ್ರೇಲರ್ ಎಳೆಯುವಾಗಿನದನ್ನೂ ಬೇರೆ ಬೇರೆ ಪುಟಗಳಲ್ಲಿ ಬರೆಯುತ್ತಾ ಹೋಗಬೇಕು, ಒಂದರೊಡನೆ ಇನ್ನೊಂದನ್ನು ಬೆರೆಸಬಾರದು.

ಕಂಪನಿ ಕೊಟ್ಟದ್ದಕ್ಕಿಂತ ದೊಡ್ಡ ಟೈರು ಹಾಕಿಸಿದವರು ಒಂದು ತಿದ್ದುಪಡಿ ಮಾಡಿಕೊಳ್ಳಬೇಕು. ಟೈರಿನ ಸುತ್ತಳತೆ ಶೇ 5ರಷ್ಟು ಹೆಚ್ಚಿದ್ದರೆ ಗಾಡಿ 105 ಕಿ.ಮೀ. ಓಡಿದಾಗ ಮೀಟರ್ 100 ಎಂದೇ ತೋರಿಸುತ್ತದೆ. ಇದನ್ನು ಗಮನಿಸದವರು ಮೈಲೇಜ್ ಇದ್ದಕ್ಕಿಂತ ಹೆಚ್ಚು ಕುಸಿದಿದೆ ಎಂದು ತಿಳಿದು ಎಂಜಿನ್ನಿನಲ್ಲಿ ದೋಷ ಹುಡುಕುತ್ತಾರೆ.

ತಳದ ಇಂಧನವನ್ನು ಲೆಕ್ಕಕ್ಕೆ ಸೇರಿಸಬೇಡಿ

80 ಲೀಟರಿನ ಟ್ಯಾಂಕಿನಲ್ಲಿ 80 ಲೀಟರನ್ನೂ ಓಡಿಸಿ ಮುಗಿಸುವ ಯೋಚನೆ ತಪ್ಪು. ಪೆಟ್ರೋಲ್ ಗಾಡಿಗಳಲ್ಲಿ ಇಂಧನದ ಪಂಪು ಟ್ಯಾಂಕಿನೊಳಗೇ ಮುಳುಗಿರುತ್ತದೆ, ಅದನ್ನು ತಂಪಾಗಿಡುವುದು ಸುತ್ತಲಿನ ಪೆಟ್ರೋಲೇ. ಡೀಸೆಲ್ ಗಾಡಿಯಲ್ಲಿ ಅಪಾಯ ಇನ್ನೂ ಹೆಚ್ಚು. ಟ್ಯಾಂಕ್ ಬರಿದಾದರೆ ಕೊಳವೆಗಳಿಗೆ ಗಾಳಿ ಹೊಕ್ಕು, ಮತ್ತೆ ಡೀಸೆಲ್ ಸುರಿದರೂ ಗಾಳಿ ತೆಗೆಯುವವರೆಗೆ ಎಂಜಿನ್ ಹೊತ್ತಿಕೊಳ್ಳದೆ ಹೋಗಬಹುದು. ಅದಕ್ಕಿಂತ ಮುಖ್ಯವಾಗಿ, ಕಾಮನ್ ರೈಲ್ (ಒಂದೇ ಕೊಳವೆಯಿಂದ ಎಲ್ಲ ಸಿಲಿಂಡರುಗಳಿಗೂ ಡೀಸೆಲ್ ಒದಗಿಸುವ) ಎಂಜಿನ್ನಿನ ಅಧಿಕ ಒತ್ತಡದ ಪಂಪಿಗೆ ಜಾರುಎಣ್ಣೆಯಾಗಿ ಕೆಲಸ ಮಾಡುವುದು ಡೀಸೆಲ್ಲೇ ಆದ್ದರಿಂದ ಒಣಗಿ ತಿರುಗಿದ ಪಂಪು ಸವೆದು, ಅದರ ಲೋಹದ ಪುಡಿ ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳವರೆಗೂ ಹೋಗಬಲ್ಲದು. ಹಾಗಾಗಿ ಟ್ಯಾಂಕಿನ ಎಂಟನೆಯ ಒಂದು ಪಾಲನ್ನು ಮುಟ್ಟುವುದಿಲ್ಲ ಎಂಬ ನಿಯಮವನ್ನು ನಾನು ಪಾಲಿಸುತ್ತೇನೆ. 80 ಲೀಟರಿನಲ್ಲಿ 10 ಲೀಟರ್ ಬಿಟ್ಟರೆ ಓಡಿಸಲು ಉಳಿಯುವುದು 70.

ಈಗ ಗುಣಾಕಾರ ಮಾಡಬಹುದು. ಖಾಲಿ ಗಾಡಿಗೆ ಲೀಟರಿಗೆ 11.2 ಕಿ.ಮೀ.ಯಂತೆ 784 ಕಿ.ಮೀ.; ಹೊರೆ ಹೇರಿದಾಗ ಅಳತೆ 9 ಬಂದಿದ್ದರೆ 630; ಟ್ರೇಲರ್ ಕಟ್ಟಿದಾಗ 6.5 ಬಂದಿದ್ದರೆ 455. ಈ ಮೂರು ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಸನ್ ವೈಸರಿನ ಹಿಂದೆ ಸಿಕ್ಕಿಸಿಡಿ.

ಒಂದು ಕಡೆ ಮಾತ್ರ ಬಹಳಷ್ಟು ಮಂದಿ ಎಡವುತ್ತಾರೆ. ಟ್ರೇಲರ್ ಎಳೆದುಕೊಂಡು 200 ಕಿ.ಮೀ. ಹೋಗಿ, ಅದನ್ನು ಅಲ್ಲೇ ಬಿಟ್ಟು ಖಾಲಿ ಗಾಡಿಯಲ್ಲಿ 200 ಕಿ.ಮೀ. ಮರಳಬೇಕಿದೆ ಎನ್ನಿ. ಹೋಗುವಾಗ 6.5, ಬರುವಾಗ ಸುಮಾರು 11, ಸರಾಸರಿ 8.75 ಎಂದುಕೊಂಡರೆ 400 ಕಿ.ಮೀ.ಗೆ 46 ಲೀಟರ್ ಸಾಕೆನಿಸುತ್ತದೆ. ಆದರೆ ಹೋಗುವಾಗ 31 ಲೀಟರ್, ಬರುವಾಗ 18 ಲೀಟರ್, ಒಟ್ಟು 49 ಲೀಟರ್ ಖರ್ಚಾಗುತ್ತದೆ. ಮೈಲೇಜುಗಳ ಸರಾಸರಿ ತೆಗೆಯಬಾರದು, ಪ್ರತಿ ಹಾದಿಗೆ ಬೇಕಾದ ಲೀಟರುಗಳನ್ನು ಬೇರೆಯಾಗಿ ಲೆಕ್ಕ ಹಾಕಿ ಕೂಡಿಸಬೇಕು.

ಮುಳ್ಳೂ ಪರದೆಯೂ ಹೇಳುವುದನ್ನು ಅರ್ಥ ಮಾಡಿಕೊಳ್ಳಿ

ಇಂಧನದ ಮುಳ್ಳು ಚಲಿಸುವುದು ಟ್ಯಾಂಕಿನೊಳಗೆ ತೇಲುವ ಒಂದು ಬುರುಡೆಯ ಏರಿಳಿತದಿಂದ. ಟ್ಯಾಂಕ್ ಪೂರ್ತಿ ತುಂಬಿದಾಗ ಬುರುಡೆ ತನ್ನ ಮೇಲಿನ ಮಿತಿಯಲ್ಲೇ ಒತ್ತಿಕೊಂಡಿರುವುದರಿಂದ ಮೊದಲ ಕೆಲವು ಹತ್ತು ಕಿಲೋಮೀಟರ್ ಮುಳ್ಳು ಅಲುಗುವುದೇ ಇಲ್ಲ, ಆಮೇಲೆ ಬೇಗ ಬೇಗ ಇಳಿದಂತೆ ಕಾಣುತ್ತದೆ. ಪಿಕಪ್‌ನ ಟ್ಯಾಂಕ್ ಉದ್ದನೆಯದಾಗಿರುವುದರಿಂದ ಏರುದಾರಿಯಲ್ಲಿ ಇಂಧನ ಹಿಂದಕ್ಕೆ, ಇಳಿಜಾರಿನಲ್ಲಿ ಮುಂದಕ್ಕೆ ಸರಿದು ಮುಳ್ಳಿನ ಮಾತು ಬದಲಾಗುತ್ತದೆ. ಸಮತಟ್ಟಿನಲ್ಲಿ ಒಂದೆರಡು ನಿಮಿಷ ನಿಲ್ಲಿಸಿ ನೋಡಿದ್ದೇ ಸರಿಯಾದದ್ದು.

ಇನ್ನು ಎಷ್ಟು ಕಿ.ಮೀ. ಓಡಬಹುದು ಎಂದು ತೋರಿಸುವ ಪರದೆ ಮುಂದಿನ ದಾರಿಯನ್ನು ಬಲ್ಲದ್ದಲ್ಲ. ಕಳೆದ ಕೆಲವು ಕಿಲೋಮೀಟರುಗಳ ಮೈಲೇಜನ್ನು ಉಳಿದ ಇಂಧನಕ್ಕೆ ಗುಣಿಸಿ ಹೇಳುತ್ತದೆ, ಅಷ್ಟೇ. ಖಾಲಿ ಗಾಡಿಯಲ್ಲಿ ಹೆದ್ದಾರಿ ಓಡಿಸಿ ಬಂದು ಟ್ರೇಲರ್ ಕಟ್ಟಿದ ದಿನ ನನ್ನ ಗಾಡಿಯ ಪರದೆ 520 ಎಂದು ತೋರಿಸುತ್ತಿತ್ತು. ಅರ್ಧ ಗಂಟೆ ಎಳೆಯುವಷ್ಟರಲ್ಲಿ ಅದು 340ಕ್ಕೆ ಇಳಿದಿತ್ತು. ಗಾಡಿ ಓಡಿದ್ದು 30 ಕಿ.ಮೀ. ಕೂಡ ಇಲ್ಲ. ಟ್ರೇಲರ್ ಕಟ್ಟಿದ ದಿನ ಪರದೆಯನ್ನು ಬಿಟ್ಟು ವೈಸರಿನ ಚೀಟಿಯನ್ನು ನೋಡಲು ಕಲಿತದ್ದು ಅಂದಿನಿಂದ.

ದೂರವನ್ನು ತಿನ್ನುವ ಸಂಗತಿಗಳು

ಎಲ್ಲಕ್ಕಿಂತ ದೊಡ್ಡದು ಗಾಳಿಯ ತಡೆ. ಅದು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ: ಗಂಟೆಗೆ 80 ಕಿ.ಮೀ.ಯಿಂದ 100ಕ್ಕೆ ಏರಿದರೆ ವೇಗ ಹೆಚ್ಚುವುದು ಕಾಲು ಪಾಲು, ಗಾಳಿಯ ತಡೆ ಹೆಚ್ಚುವುದು ಅರ್ಧಕ್ಕಿಂತ ಜಾಸ್ತಿ, ಶೇ 56. ಎತ್ತರದ ಪೆಟ್ಟಿಗೆಯಂಥ ಟ್ರೇಲರ್ ಹಗುರಾಗಿದ್ದರೂ ಸಮತಟ್ಟಾದ ಹೆದ್ದಾರಿಯಲ್ಲಿ ಹೆಚ್ಚು ಇಂಧನ ಕುಡಿಯುವುದು ಇದೇ ಕಾರಣಕ್ಕೆ. ತೂಕದ ಪ್ರಭಾವ ಗೊತ್ತಾಗುವುದು ಮುಖ್ಯವಾಗಿ ಏರುದಾರಿಯಲ್ಲಿ ಮತ್ತು ನಿಂತು ನಿಂತು ಸಾಗುವ ನಗರದ ರಸ್ತೆಯಲ್ಲಿ. ಅವಸರವಿಲ್ಲದಿದ್ದರೆ ವೇಗ ತಗ್ಗಿಸುವುದಕ್ಕಿಂತ ಸುಲಭವಾಗಿ ದೂರ ಹೆಚ್ಚಿಸುವ ದಾರಿ ಬೇರೆ ಇಲ್ಲ.

ಹಿಂಬಾಗಿಲನ್ನು ಕೆಳಗಿಳಿಸಿ ಓಡಿಸಿದರೆ ಗಾಳಿ ಸರಾಗವಾಗಿ ಹೋಗಿ ಮೈಲೇಜ್ ಹೆಚ್ಚುತ್ತದೆ ಎಂಬ ನಂಬಿಕೆ ಚಾಲಕರಲ್ಲಿದೆ. ಅದು ನಿಜವಲ್ಲ. ಬಾಗಿಲು ಮುಚ್ಚಿದ್ದಾಗ ಬಾಡಿಯೊಳಗೆ ಗಾಳಿಯ ಸುಳಿಯೊಂದು ನಿಂತು ತಿರುಗುತ್ತಿರುತ್ತದೆ, ಕ್ಯಾಬಿನ್ನಿನ ಮೇಲಿಂದ ಬರುವ ಗಾಳಿ ಆ ಸುಳಿಯ ಮೇಲೆ ಜಾರಿ ಮುಂದೆ ಹೋಗುತ್ತದೆ. ಬಾಗಿಲು ಇಳಿಸಿದರೆ ಆ ಸುಳಿ ಒಡೆಯುತ್ತದೆ, ಸರಕು ಬೀಳುವ ಭಯವೂ ಜೊತೆಗೂಡುತ್ತದೆ.

ಇಂಧನದ ಬಗೆಯೂ ಗಣನೆಗೆ ಬರುತ್ತದೆ. ಒಂದು ಲೀಟರ್ ಡೀಸೆಲ್‌ನಲ್ಲಿ ಅಷ್ಟೇ ಪೆಟ್ರೋಲಿಗಿಂತ ಶೇ 10ಕ್ಕೂ ಹೆಚ್ಚು ಶಕ್ತಿ ಇರುತ್ತದೆ. ಪೆಟ್ರೋಲಿನಲ್ಲಿ ಎಥನಾಲ್ ಪಾಲು ಹೆಚ್ಚಿದಂತೆ ದೂರ ಕುಗ್ಗುತ್ತದೆ. ಶೇ 10 ಎಥನಾಲ್ ಇದ್ದರೆ ನಷ್ಟ ಸುಮಾರು ಶೇ 3. ಟೈರಿನ ಗಾಳಿಯನ್ನು ಹೊರೆಗೆ ತಕ್ಕಂತೆ ತುಂಬಿಸಿಕೊಳ್ಳುವುದು ಎಲ್ಲರಿಗೂ ತಿಳಿದದ್ದೇ. ಕೆಲವು ಹೊಸ ಡೀಸೆಲ್ ಪಿಕಪ್‌ಗಳಲ್ಲಿ ಹೊಗೆಯನ್ನು ಶುದ್ಧಗೊಳಿಸುವ ಯೂರಿಯಾ ದ್ರಾವಣಕ್ಕೆ ಬೇರೆ ಟ್ಯಾಂಕ್ ಇದೆ, ಅದನ್ನು ಮರೆಯುವವರೇ ಹೆಚ್ಚು. ಅದು ಬರಿದಾದರೆ ಡೀಸೆಲ್ ತುಂಬಿದ್ದರೂ ಗಾಡಿ ವೇಗ ತಗ್ಗಿಸಬಹುದು, ಇಲ್ಲವೇ ಒಮ್ಮೆ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗದಿರಬಹುದು.

ಹೆಚ್ಚುವರಿ ಇಂಧನ ಒಯ್ಯಬೇಕಾದರೆ

ಬಂಕುಗಳು ದೂರ ದೂರವಿರುವ ದಾರಿಯಲ್ಲಿ ಕೆಲವರು ಬಾಡಿಯಲ್ಲಿ ಎರಡನೆಯ ಟ್ಯಾಂಕ್ ಕೂರಿಸಿಕೊಳ್ಳುತ್ತಾರೆ. ಡೀಸೆಲ್ ಲೀಟರಿಗೆ ಸುಮಾರು 830 ಗ್ರಾಂ ತೂಗುವುದರಿಂದ 100 ಲೀಟರ್ ಎಂದರೆ 83 ಕಿಲೋ, ಟ್ಯಾಂಕಿನ ತೂಕ ಬೇರೆ. ಅಷ್ಟು ಹೊರೆಯನ್ನು ಗಾಡಿ ಹೊರಬಲ್ಲ ತೂಕದಿಂದ ಕಳೆಯಬೇಕು. ಅಂಥ ಟ್ಯಾಂಕನ್ನು ಅದಕ್ಕೆಂದೇ ತಯಾರಿಸಿದವರಿಂದ ಕೊಂಡು, ನಿಮ್ಮಲ್ಲಿನ ಕಾನೂನು ಒಪ್ಪುವಂತೆ ಕೂರಿಸಬೇಕೇ ಹೊರತು ನೀರಿನ ಡ್ರಮ್ಮನ್ನು ಬಳಸಬಾರದು.

ಆಗೊಮ್ಮೆ ಈಗೊಮ್ಮೆ ಬೇಕಾಗುವವರಿಗೆ 20 ಲೀಟರಿನ ಇಂಧನದ ಕ್ಯಾನ್ ಸಾಕು. ಆದರೆ ಅದನ್ನು ಬಾಡಿಯಲ್ಲೇ ಇಟ್ಟು ಎಂದೂ ತುಂಬಿಸಬೇಡಿ. ಬಾಡಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿದ್ದರೆ ಇಂಧನ ಹರಿಯುವಾಗ ಕ್ಯಾನಿನಲ್ಲಿ ಸೇರುವ ಸ್ಥಿರ ವಿದ್ಯುತ್ತಿಗೆ ನೆಲಕ್ಕಿಳಿಯಲು ದಾರಿಯಿರುವುದಿಲ್ಲ. ನಾಜಲ್ ಹತ್ತಿರ ಬಂದಾಗ ಹಾರುವ ಒಂದೇ ಕಿಡಿಗೆ ಪೆಟ್ರೋಲಿನ ಆವಿ ಹೊತ್ತಿಕೊಂಡು ಇಂಥ ಗಾಡಿಗಳಲ್ಲಿ ಬೆಂಕಿ ಅನಾಹುತಗಳು ನಡೆದಿವೆ. ಕ್ಯಾನನ್ನು ಕೆಳಗಿಳಿಸಿ ನೆಲದ ಮೇಲಿಡಿ, ನಾಜಲ್ ಕ್ಯಾನಿನ ಬಾಯಿಗೆ ತಾಗಿರುವಂತೆ ಹಿಡಿದು ನಿಧಾನವಾಗಿ ಬಿಡಲು ಹೇಳಿ, ಹಿಗ್ಗುವುದಕ್ಕೆ ಮೇಲೆ ಒಂದಿಷ್ಟು ಜಾಗ ಉಳಿಸಿ. ಮುಚ್ಚಳ ಬಿಗಿದು, ಹೊರಮೈಯನ್ನು ಒರೆಸಿದ ಮೇಲೆ ಅದನ್ನು ಕ್ಯಾಬಿನ್ನಿನೊಳಗಲ್ಲದೆ ಬಾಡಿಯಲ್ಲಿ ನೆಟ್ಟಗೆ ನಿಲ್ಲಿಸಿ, ಅಲುಗದಂತೆ ಪಟ್ಟಿಯಿಂದ ಕಟ್ಟಬೇಕು.