ಹಳೆಯ ಮೋಟಾರ್‌ಸೈಕಲ್: ಎಂಜಿನ್ ಬದಲಿಸಬೇಕೋ, ಬಿಚ್ಚಿ ಕಟ್ಟಿಸಬೇಕೋ?

ಹಳೆಯ ಎಂಜಿನ್ ಹೊಗೆ ಬಿಡತೊಡಗಿದ ಕೂಡಲೇ ಬೇರೊಂದನ್ನು ಹುಡುಕಲು ಹೊರಡಬೇಡಿ. ಮೊದಲು ಅದನ್ನು ಬಿಚ್ಚಿಸಿ ಅಳತೆ ಮಾಡಿಸಿ. ಸಿಲಿಂಡರ್ ಸವೆದಿದ್ದರೆ ಬೋರ್ ಮಾಡಿಸಿ, ಅಂದರೆ ಒಳಗೋಡೆಯನ್ನು ಕೊರೆದು ತುಸು ಅಗಲಿಸಿ, 0.25 ಅಥವಾ 0.50 ಮಿ.ಮೀ. ಓವರ್‌ಸೈಜ್ (ಮೂಲಕ್ಕಿಂತ ಅಷ್ಟು ದೊಡ್ಡ) ಪಿಸ್ಟನ್ ಹಾಕಿಸಬಹುದು. ಹೀಗೆ ಅಗಲಿಸಬಹುದಾದ ಕೊನೆಯ ಅಳತೆಯನ್ನು ಬೋರ್ ಮುಟ್ಟಿದ್ದರೂ ಸಾಮಾನ್ಯವಾಗಿ ಹೊಸ ಲೈನರ್ (ಸಿಲಿಂಡರಿನ ಒಳಕೊಳವೆ) ಕೂರಿಸುವ ದಾರಿಯಿರುತ್ತದೆ. ಆದರೆ ಪಿಸ್ಟನ್ ಕೈಗೆ ಬಂದ ಮೇಲೆಯೇ, ಅದರ ಅಳತೆಗೆ ತಕ್ಕಂತೆ ಬೋರಿಂಗ್ ಮಾಡಿಸಿ. ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡನ್ನು ಹಿಡಿದು ನೇರವಾಗಿ ಮೇಲಕ್ಕೂ ಕೆಳಕ್ಕೂ ಎಳೆದಾಗ ಸಡಿಲ ಕಂಡರೆ ಅದರ ಕೆಳತುದಿಯ ಬಿಗ್ ಎಂಡ್ ಬೇರಿಂಗ್ ಸವೆದಿದೆ ಎಂದರ್ಥ. ಪಕ್ಕಕ್ಕೆ ತುಸು ಅಲುಗಾಡುವುದು ಸಹಜ.

ನನ್ನ ಮಟ್ಟಿಗೆ, ಬದಲಿಸುವ ಮಾತು ಬರುವುದು ಕ್ರ್ಯಾಂಕ್‌ಕೇಸ್ (ಕ್ರ್ಯಾಂಕ್ ತಿರುಗುವ ಲೋಹದ ಕವಚ) ಬೇರಿಂಗ್ ಕೂರುವ ಜಾಗದಲ್ಲೇ ಬಿರುಕು ಬಿಟ್ಟಾಗ. ನಡುವೆ ಸೀಳಿದಂತಿರುವ ಕೇಸ್‌ನ ಎರಡು ಭಾಗಗಳನ್ನು ಸಾಮಾನ್ಯವಾಗಿ ಜೋಡಿಯಾಗಿಯೇ ಕಡೆದಿರುವುದರಿಂದ, ಒಂದನ್ನು ಮಾತ್ರ ಬೇರೆ ಎಂಜಿನ್ನಿನಿಂದ ತಂದು ಸೇರಿಸಿದರೆ ಬೇರಿಂಗ್‌ಗಳು ಒಂದೇ ಸಾಲಿಗೆ ಬರುವುದು ಕಷ್ಟ. ಎಂಜಿನ್ನನ್ನೇ ಬದಲಿಸಿದಾಗ ನೋಂದಣಿ ಪತ್ರದಲ್ಲಿ ಎಂಜಿನ್ ಸಂಖ್ಯೆಯನ್ನು ತಪ್ಪದೆ ತಿದ್ದಿಸಿ. ದಯವಿಟ್ಟು ಮೂಲ ಎಂಜಿನ್ನನ್ನು ಗುಜರಿಗೆ ಹಾಕದೆ, ಒಳಗೆ ಎಣ್ಣೆ ಸವರಿ, ತೂತುಗಳನ್ನು ಮುಚ್ಚಿ ಇಟ್ಟುಕೊಳ್ಳಿ. ಕಾರ್ಖಾನೆಯಿಂದ ಬಂದ ಎಂಜಿನ್ ಜೊತೆಗಿರುವ ಗಾಡಿಗೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ.