ರೀಡಿನ ವಯಸ್ಸು, ಪೆಟ್ಟಿಗೆಯ ವಯಸ್ಸು

ಜಗಳೂರಿನಿಂದ ಫೋನು ಬಂದಾಗ ದಸರಾ ಮುಗಿದು ವಾರವಾಗಿತ್ತು. ಆ ಕಡೆ ವಯಸ್ಸಾದ ದನಿ. "ಮಾಸ್ತರೇ, ನಮ್ಮನ್ಯಾಗೆ ಒಂದು ಹಳೇ ಪೆಟ್ಟಿಗೆ ಐತ್ರಿ. ನೂರು ವರ್ಷದ್ದು. ಜರ್ಮನ್ ರೀಡು. ನಮ್ಮಪ್ಪ ನಾಟಕ ಕಂಪನಿಯಾಗೆ ನುಡಿಸ್ತಿದ್ರು. ಬಂದು ನೋಡ್ತೀರಾ?"

ನಮ್ಮ ಕಡೆ ಪೆಟ್ಟಿಗೆ ಅಂದರೆ ಹಾರ್ಮೋನಿಯಂ. ರೀಡು ಅಂದರೆ ಅದರೊಳಗೆ ಗಾಳಿಗೆ ಅದುರಿ ನುಡಿಯುವ ಹಿತ್ತಾಳೆಯ ನಾಲಿಗೆ. ನಾನು ದಾವಣಗೆರೆಯಲ್ಲಿ ಭಜನೆ, ವಚನ ಗಾಯನಕ್ಕೆ ನುಡಿಸುತ್ತೇನೆ. ಹಳೇ ಪೆಟ್ಟಿಗೆ ರಿಪೇರಿಯನ್ನೂ ಮಾಡುತ್ತೇನೆ. ನೂರು ವರ್ಷ, ಜರ್ಮನ್ ರೀಡು, ನಾಟಕ ಕಂಪನಿ. ಈ ಮೂರು ಮಾತು ಇಲ್ಲದೆ ಈ ಸೀಮೆಯಲ್ಲಿ ಒಂದು ಹಳೇ ಹಾರ್ಮೋನಿಯಂ ಕೈ ಬದಲಾಗುವುದಿಲ್ಲ. ಹಾಗಂತ ತಳ್ಳಿಹಾಕುವ ಹಾಗೂ ಇಲ್ಲ. ದಾವಣಗೆರೆ ಕಂಪನಿ ನಾಟಕಗಳನ್ನು ಸಾಕಿದ ಊರು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದೇ. ಜಾತ್ರೆ ಬಂದರೆ ಟೆಂಟು, ಟೆಂಟಿನ ಮುಂದೆ ಹಾರ್ಮೋನಿಯಂ ಮಾಸ್ತರ್. ಆ ಮಾಸ್ತರರ ಪೆಟ್ಟಿಗೆಗಳು ಎಲ್ಲೋ ಒಂದು ಕಡೆ ಇರಲೇಬೇಕಲ್ವಾ? ಅಟ್ಟದ ಮೇಲೆ ಇರುತ್ತವೆ. ಹಾಗಾಗಿ ನಾನು ನಂಬುವುದೂ ಇಲ್ಲ, ನಂಬದೆ ಇರುವುದೂ ಇಲ್ಲ. ಹೋಗಿ ಬಿಚ್ಚಿ ನೋಡುತ್ತೇನೆ.

ಈ ಬುದ್ಧಿ ಬಂದದ್ದು ದುಡ್ಡು ಕಳೆದುಕೊಂಡ ಮೇಲೆ. ಹದಿನೈದು ವರ್ಷದ ಹಿಂದೆ ಬೇರೆ ಊರಿನ ಒಂದು ಅಂಗಡಿಯಲ್ಲಿ "1930ರ ಮಾಲು" ಅಂತ ಒಂದು ಪೆಟ್ಟಿಗೆ ಕೊಂಡೆ. ಕಪ್ಪಗೆ ಮಾಗಿದ ಬಣ್ಣ, ಹಿತ್ತಾಳೆಯ ಮೂಲೆಪಟ್ಟಿ, ಚಂದದ ಇಂಗ್ಲಿಷ್ ಲೇಬಲ್. ಮನೆಗೆ ತಂದು ಬಿಚ್ಚಿದರೆ ತಳ ಪ್ಲೈವುಡ್, ಒಳಗೆಲ್ಲ ಸ್ಟಾರ್ ಸ್ಕ್ರೂ. ಲೇಬಲನ್ನು ಮತ್ತೆ ಓದಿದೆ. ಅದರಲ್ಲಿ ಕಲ್ಕತ್ತ ಅಂತ ಇರಲಿಲ್ಲ, ಕೋಲ್ಕತಾ ಅಂತ ಇತ್ತು. ಇಂಗ್ಲಿಷಿನಲ್ಲಿ ಆ ಊರಿನ ಹೆಸರು ಬದಲಾದದ್ದು 2001ರಲ್ಲಿ. ಅಂಗಡಿಯಲ್ಲೇ ಎರಡು ನಿಮಿಷ ನಿಂತು ಓದಿದ್ದರೆ ಸಾಕಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಜಗಳೂರಿಗೆ ಹೋಗುವಾಗ ಚೀಲದಲ್ಲಿ ಚಪ್ಪಟೆ ಬಾಯಿಯ ಎರಡು ಸ್ಕ್ರೂಡ್ರೈವರ್, ಟಾರ್ಚು, ಮೆತ್ತನೆಯ ಬ್ರಶ್ಶು, ಭೂತಕನ್ನಡಿ ಇಟ್ಟುಕೊಂಡೆ. ಫೋನಿನಲ್ಲಿ ಶ್ರುತಿ ತೋರಿಸುವ ಟ್ಯೂನರ್ ಇದ್ದೇ ಇದೆ.

ಮನೆಯ ಯಜಮಾನರಿಗೆ ಎಪ್ಪತ್ತೈದರ ಮೇಲೆ. ಪಡಸಾಲೆಯಲ್ಲಿ ಬಿಳೀ ಪಂಚೆ ಹಾಸಿ ಅದರ ಮೇಲೆ ಪೆಟ್ಟಿಗೆ ಇಟ್ಟಿದ್ದರು. ಕುಂಕುಮ ಹಚ್ಚಿದ್ದರು. ಮೂಲೆಯಲ್ಲಿ ಅವರ ಅಕ್ಕ, ಎಂಬತ್ತು ದಾಟಿದ ಅಜ್ಜಿ, ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ಯಜಮಾನರು ಚಹಾ ಕೊಟ್ಟು ಕಥೆ ಹೇಳಿದರು. "ಧಾರವಾಡ ರೇಡಿಯೋದಾಗೂ ಇದೇ ಪೆಟ್ಟಿಗೆ ನುಡಿಸಿದ್ರು ನಮ್ಮಪ್ಪ. ಐವತ್ತೈದನೇ ಇಸ್ವಿ."

ನಾನು ಏನೂ ಹೇಳಲಿಲ್ಲ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂಗೆ ಬಾಗಿಲು ಮುಚ್ಚಿತು. ಅದು ಮತ್ತೆ ತೆರೆದದ್ದು 1971ರಲ್ಲಿ. 1955ರಲ್ಲಿ ಧಾರವಾಡದಲ್ಲಿ ಈ ಪೆಟ್ಟಿಗೆ ನುಡಿದಿರಲಾರದು. ಯಜಮಾನರು ಸುಳ್ಳು ಹೇಳಿದರು ಅಂತಲ್ಲ. ಅಪ್ಪ ಹಾಡಲಿಕ್ಕೆ ಹೋಗಿರಬಹುದು, ಅಥವಾ ಆಮೇಲೆ ಯಾವಾಗಲೋ ನುಡಿಸಿರಬಹುದು. ಮನೆಯ ಕಥೆಗಳಲ್ಲಿ ಮನುಷ್ಯರು ಉಳಿಯುತ್ತಾರೆ, ಇಸವಿ ಜಾರುತ್ತದೆ.

ಮೊದಲು ನುಡಿಸಿದೆ. ಗಾಳಿ ಊದುವ ತಿದಿ ಸೋರುತ್ತಿತ್ತು. ನಾಲ್ಕು ಮನೆ, ಅಂದರೆ ಬೆರಳಿಟ್ಟು ಒತ್ತುವ ಕೀ, ಮೇಲೇಳುತ್ತಿರಲಿಲ್ಲ. ಇದೆಲ್ಲ ಪೆಟ್ಟಿಗೆಯ ಸ್ಥಿತಿ, ವಯಸ್ಸಲ್ಲ. ಹಾಳಾದದ್ದೆಲ್ಲ ಹಳೆಯದು ಅಂತ ಜನ ತಿಳಿಯುತ್ತಾರೆ. ಎರಡು ಮಳೆಗಾಲ ಸೋರುವ ಮನೆಯಲ್ಲಿಟ್ಟರೆ ಹೊಸ ಪೆಟ್ಟಿಗೆಗೂ ಇದೇ ಗತಿ. ಆದರೆ ದನಿ? ಬಿಳಿ ನಾಲ್ಕು, ಅಂದರೆ ನಾಲ್ಕನೇ ಬಿಳಿ ಮನೆ, ಹಿಡಿದೆ. ಗಂಟಲು ತುಂಬಿದ ದನಿ, ಸ್ವಲ್ಪ ಮೂಗಿನ ಎಳೆ. ಕೈ ತೆಗೆಯಲು ಮನಸ್ಸಾಗಲಿಲ್ಲ. ಇಂಥ ಹೊತ್ತಿನಲ್ಲೇ ಜಾಸ್ತಿ ಎಚ್ಚರ ಬೇಕು.

ಮನೆಗಳ ಮೇಲಿನ ಬಿಳಿ ಹೊದಿಕೆ ಹಳದಿಗೆ ತಿರುಗಿತ್ತು. "ಆನೆ ದಂತ ರೀ ಅದು" ಅಂದರು. ದಂತವಾದರೆ ಬೆಳಕಿಗೆ ಹಿಡಿದಾಗ ಸಣ್ಣ ಎಳೆಗಳು ಕಾಣುತ್ತವೆ, ಒಂದರ ಹಾಗೆ ಒಂದಿರುವುದಿಲ್ಲ. ಇಲ್ಲಿ ಎಳೆ ಇರಲಿಲ್ಲ. ಹೆಬ್ಬೆರಳಿನಿಂದ ಜೋರಾಗಿ ಉಜ್ಜಿ ಮೂಸಿದೆ. ಕರ್ಪೂರದ ವಾಸನೆ. ಅದು ಸೆಲ್ಯುಲಾಯ್ಡ್. ಅದನ್ನು ಮಾಡುವಾಗ ಕರ್ಪೂರ ಹಾಕುತ್ತಾರೆ, ಎಷ್ಟೋ ವರ್ಷದ ಮೇಲೂ ವಾಸನೆ ಹೋಗುವುದಿಲ್ಲ. ಕಾಯಿಸಿದ ಸೂಜಿ ಚುಚ್ಚಿ ನೋಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸೆಲ್ಯುಲಾಯ್ಡ್‌ಗೆ ಬೆಂಕಿ ತಕ್ಷಣ ಹತ್ತಿಕೊಳ್ಳುತ್ತದೆ. ಮೂರು ಮನೆಗಳ ಮೇಲೆ ಮಾತ್ರ ಬೆಳ್ಳಗಿನ ಪ್ಲಾಸ್ಟಿಕ್ ಇತ್ತು, ವಾಸನೆ ಇಲ್ಲ. ಆಮೇಲೆ ಹಾಕಿದ್ದು.

"ಯಜಮಾನ್ರೇ, ಬಿಚ್ಚಲಾ?" ಕೇಳದೆ ನಾನು ಯಾರ ಪೆಟ್ಟಿಗೆಗೂ ಸ್ಕ್ರೂಡ್ರೈವರ್ ಹಚ್ಚುವುದಿಲ್ಲ. "ಬಿಚ್ರಿ" ಅಂದರು. ಮುಖದಲ್ಲಿ ಸ್ವಲ್ಪ ಆತಂಕ ಇತ್ತು.

ತಿರುಗಿಸಿ ತಳ ನೋಡಿದೆ. ಪ್ಲೈವುಡ್. ನನ್ನ ಎದೆ ಧಸಕ್ಕೆಂದಿತು, ಹಳೆಯದು ನೆನಪಾಯಿತು. ಮೂಲೆಗಳಲ್ಲಿ ಬೆಳ್ಳಗೆ ಒಣಗಿದ ಅಂಟು. ಹಳೇ ಬಡಗಿಗಳು ಬಳಸುತ್ತಿದ್ದ ಮರವಜ್ರ ಕಂದು ಬಣ್ಣದ್ದು, ಒಣಗಿದರೆ ಗಾಜಿನ ಹಾಗೆ ಸೀಳುತ್ತದೆ. ಇದು ಫೆವಿಕಾಲ್ ಥರದ ಬಿಳಿ ಅಂಟು. ಫೆವಿಕಾಲ್ ಬಂದದ್ದೇ 1959ರಲ್ಲಿ. ಪಕ್ಕದ ಹಲಗೆಯೊಳಗೆ ರಿಪೇರಿ ಮಾಡಿದವರ ಚೀಟಿ ಅಂಟಿಸಿತ್ತು. ಹೆಸರು ಅಳಿಸಿತ್ತು, ವಿಳಾಸ ಉಳಿದಿತ್ತು. "ದಾವಣಗೆರೆ 577 001, ಚಿತ್ರದುರ್ಗ ಜಿಲ್ಲೆ."

ನಮ್ಮ ಊರಿನವರಿಗೆ ಇದಕ್ಕಿಂತ ಒಳ್ಳೆಯ ಗಡಿಯಾರ ಬೇಕಿಲ್ಲ. ಪಿನ್ ಕೋಡ್ ಶುರುವಾದದ್ದು 1972ರ ಆಗಸ್ಟ್ 15ಕ್ಕೆ. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಚೀಟಿ ಅಚ್ಚಾದದ್ದು ಈ ಎರಡರ ನಡುವೆ. ಹಳೇ ಚೀಟಿ ಉಳಿದಿತ್ತು ಅಂತ ಒಂದೆರಡು ವರ್ಷ ಆಮೇಲೆ ಅಂಟಿಸಿದ್ದರೂ ಲೆಕ್ಕ ಹೆಚ್ಚು ಬದಲಾಗುವುದಿಲ್ಲ. ಚನ್ನಗಿರಿ, ಹೊನ್ನಾಳಿ ಕಡೆಯ ಪೆಟ್ಟಿಗೆಯಾದರೆ ಇದೇ ಲೆಕ್ಕದಲ್ಲಿ ಶಿವಮೊಗ್ಗ ಜಿಲ್ಲೆ ಅಂತ ಇರುತ್ತದೆ. 1973ರ ನವೆಂಬರಿಗೂ ಹಿಂದಿನದಾದರೆ ಮೈಸೂರು ರಾಜ್ಯ ಅಂತಲೂ ಇರಬಹುದು.

ಆದರೆ ಈ ಚೀಟಿ ಹೇಳುವುದು ಹೊರಗಿನ ಮರದ ಪೆಟ್ಟಿಗೆಯ ಮಾತು. ದನಿ ಪೆಟ್ಟಿಗೆಯಲ್ಲಿಲ್ಲ, ರೀಡಿನಲ್ಲಿದೆ.

ಮೇಲಿನ ಮುಚ್ಚಳ ತೆಗೆದು, ಎರಡೂ ಕಡೆಯ ಕೊಂಡಿ ಬಿಡಿಸಿ, ರೀಡುಗಳನ್ನು ಕೂರಿಸಿದ ಹಲಗೆಯನ್ನು, ಅಂದರೆ ರೀಡ್ ಬೋರ್ಡನ್ನು, ಮನೆಗಳ ಸಮೇತ ಎತ್ತಿದೆ. ಬಲಗಡೆ ಸ್ವಲ್ಪ ಬಿಗಿ, ಎಡಗಡೆ ಸಡಿಲ. ಎಡ ಅಂಚನ್ನು ಯಾರೋ ರಂದ ಹೊಡೆದು ಸಣ್ಣ ಮಾಡಿದ್ದರು. ಬೋರ್ಡಿನ ಮರ ಒಳಗೆಲ್ಲ ಜೇನಿನ ಬಣ್ಣ, ರಂದ ಹೊಡೆದ ಅಂಚು ಮಾತ್ರ ತಿಳಿ. ಕೊಂಡಿಯ ಪಕ್ಕದಲ್ಲಿ ಇನ್ನೆರಡು ಹಳೇ ತೂತು, ಮರದ ಚೂರು ಬಡಿದು ಮುಚ್ಚಿದ್ದು. ಖಾಲಿ ತೂತುಗಳನ್ನು ಯಾವತ್ತೂ ಕಡೆಗಣಿಸಬೇಡಿ. ಅಲ್ಲಿ ಮೊದಲು ಏನೋ ಇತ್ತು ಅಂತ ಅವು ಹೇಳುತ್ತವೆ. ಈ ಬೋರ್ಡು ಈ ಪೆಟ್ಟಿಗೆಗೆ ಹುಟ್ಟಿದ್ದಲ್ಲ. ಬೇರೆ ಪೆಟ್ಟಿಗೆಯಿಂದ ಬಂದದ್ದು.

ಬೋರ್ಡು ಮಗುಚಿ ಪಂಚೆಯ ಮೇಲೆ ಇಟ್ಟೆ. 39 ಮನೆ, ಎರಡು ಸಾಲು, 78 ರೀಡು. ಬ್ರಶ್ಶಿನಿಂದ ಧೂಳು ಸರಿಸಿದೆ. ರೀಡಿನ ಪಟ್ಟಿಗಳನ್ನು ಕೂರಿಸಿದ್ದು ಗೀರು ತಲೆಯ ಸ್ಕ್ರೂಗಳಿಂದ. ಸ್ಟಾರ್ ಸ್ಕ್ರೂ 1930ರ ದಶಕದಲ್ಲಿ ಅಮೆರಿಕದಲ್ಲಿ ಬಂದದ್ದು, ನಮ್ಮ ಕಡೆ ಇನ್ನೂ ತಡ. ಗೀರು ಸ್ಕ್ರೂ ಇವತ್ತೂ ಸಿಗುತ್ತದೆ, ಹಾಗಾಗಿ ಅದು ಹಳೆತನಕ್ಕೆ ಸಾಕ್ಷಿಯಲ್ಲ. ಆದರೆ ತಲೆಯ ಸುತ್ತ ಮರದಲ್ಲಿ ಹಸಿರು ಕಿಲುಬಿನ ಉಂಗುರ ಮೂಡಿದ್ದರೆ ಆ ಸ್ಕ್ರೂ ಬಹಳ ಕಾಲ ಅಲುಗಿಲ್ಲ.

ಭೂತಕನ್ನಡಿ ಹಿಡಿದು ಒಂದೊಂದೇ ರೀಡು ನೋಡಿದೆ. ಒಂದು ಗಂಟೆ ಹಿಡಿಯಿತು. 64 ರೀಡುಗಳ ಹಿತ್ತಾಳೆ ಪಟ್ಟಿಯ ಮೇಲೆ ಸಣ್ಣ ಅಕ್ಷರ ಕೊರೆದಿತ್ತು. 14ರ ಮೇಲೆ ಏನೂ ಇರಲಿಲ್ಲ. ಆ ಅಕ್ಷರಗಳಲ್ಲಿ ಐದು ಕಡೆ ಎಚ್ ಅಂತ ಇತ್ತು. ನಾನು ಯಜಮಾನರ ಕಡೆ ತಿರುಗಿ "ಜರ್ಮನ್ ಅಂದ್ರಲ್ಲ, ಆ ಮಾತು ನಿಜ ನೋಡ್ರಿ" ಅಂದೆ.

ಇಂಗ್ಲಿಷ್ ಲೆಕ್ಕದಲ್ಲಿ ಸ್ವರದ ಹೆಸರು ಎ ಯಿಂದ ಜಿ ವರೆಗೆ ಮಾತ್ರ. ಎಚ್ ಇಲ್ಲ. ಜರ್ಮನ್ನರು ನಮ್ಮ ಬಿಳಿ ಏಳನ್ನು, ಅಂದರೆ ಇಂಗ್ಲಿಷಿನ ಬಿ ಯನ್ನು, ಎಚ್ ಎಂದು ಬರೆಯುತ್ತಾರೆ. ಕಪ್ಪು ಮನೆಗಳಿಗೆ ಸಿಸ್, ಫಿಸ್ ಅನ್ನುತ್ತಾರೆ. ಜರ್ಮನ್ ಅಂತ ಸುಮ್ನೆ ಲೇಬಲ್ ಹಚ್ಚುವವರಿಗೆ ಇದು ಹೊಳೆಯುವುದಿಲ್ಲ. ಲೇಬಲ್ ಇದ್ದರೆ ಅದನ್ನೂ ಓದಬೇಕು. ಪಶ್ಚಿಮ ಜರ್ಮನಿ ಅಂತಿದ್ದರೆ 1949ರಿಂದ 1990ರ ನಡುವಿನದು. ಬರೀ ಜರ್ಮನಿ ಅಂತಿದ್ದರೆ ಅದಕ್ಕೂ ಹಿಂದಿನದಿರಬಹುದು, ಅಷ್ಟೇ ಹೇಳಲಿಕ್ಕಾಗುವುದು. ಅಕ್ಷರವಿಲ್ಲದ ಆ 14 ಬಹುಶಃ ನಮ್ಮ ದೇಶದವೇ. ಗುಜರಾತಿನ ಪಾಲಿತಾಣದಲ್ಲಿ ರೀಡು ಮಾಡುವ ಮನೆಗಳಿವೆ, ಭಾರತದ ಎಷ್ಟೋ ಹಾರ್ಮೋನಿಯಂಗಳ ದನಿ ಅಲ್ಲಿಂದಲೇ ಬರುತ್ತದೆ. ಅವನ್ನು ನಾನು ಕೀಳಾಗಿ ನೋಡುವುದಿಲ್ಲ. ನನ್ನ ದಿನದ ಪೆಟ್ಟಿಗೆಯಲ್ಲಿ ಇರುವುದು ಅವೇ.

ಟ್ಯೂನರ್ ಹಿಡಿದಾಗ ಇನ್ನೊಂದು ಸಂಗತಿ ಸಿಕ್ಕಿತು. ಇವತ್ತಿನ ಶ್ರುತಿಯಲ್ಲಿ ಎ ಸ್ವರ ಅಂದರೆ 440, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ಅದನ್ನು ಒಪ್ಪಿದ್ದು 1939ರಲ್ಲಿ ಲಂಡನ್ನಿನ ಸಭೆಯಲ್ಲಿ. ಅದಕ್ಕೂ ಮುಂಚೆ ಫ್ರಾನ್ಸ್ 1859ರಲ್ಲಿ 435 ಎಂದು ಗೊತ್ತುಮಾಡಿತ್ತು, 1885ರಲ್ಲಿ ವಿಯೆನ್ನಾದಲ್ಲಿ ಸೇರಿದವರೂ ಅದನ್ನೇ ಒಪ್ಪಿದ್ದರು. ಎರಡರ ನಡುವೆ ಸುಮಾರು 20 ಸೆಂಟ್ಸ್ ಅಂತರ, ಅಂದರೆ ಅರ್ಧ ಸ್ವರದ ಐದರಲ್ಲೊಂದು ಪಾಲು. ಈ ಬೋರ್ಡಿನ ರೀಡುಗಳು ಹೆಚ್ಚುಕಡಿಮೆ ಎಲ್ಲವೂ ಅಷ್ಟೇ ಕೆಳಗಿದ್ದವು. ಹಳತಾಗಿ ಇಳಿದ ಪೆಟ್ಟಿಗೆಯಲ್ಲಿ ಒಂದು ಐದು ಇಳಿದಿದ್ದರೆ ಇನ್ನೊಂದು ಮೂವತ್ತು ಇಳಿದಿರುತ್ತದೆ. ಎಲ್ಲವೂ ಒಟ್ಟಿಗೆ ಒಂದೇ ಅಳತೆಯಲ್ಲಿ ಇಳಿಯುವುದು ಅಪರೂಪ. ಇದು 435ಕ್ಕೇ ಕೂರಿಸಿದ ಶ್ರುತಿ ಅನ್ನಿಸಿತು. ಇದೊಂದನ್ನೇ ನಂಬಿ ವಯಸ್ಸು ಹೇಳಬಾರದು, ಆದರೆ ಬೇರೆ ಗುರುತುಗಳ ಜೊತೆ ಸೇರಿದಾಗ ಇದರ ತೂಕ ಹೆಚ್ಚು.

ಹಾಗಾದರೆ ಆಮೇಲೆ ಬಂದ 14 ರೀಡುಗಳು? ಅವೂ ಅದೇ ಶ್ರುತಿಯಲ್ಲಿದ್ದವು. ಕನ್ನಡಿ ಹಿಡಿದರೆ ಕಾರಣ ಕಂಡಿತು. ರೀಡಿನ ನಾಲಿಗೆಯನ್ನು ತುದಿಯಲ್ಲಿ ಕೆರೆದರೆ ತುದಿ ಹಗುರಾಗಿ ಶ್ರುತಿ ಏರುತ್ತದೆ. ಬುಡದಲ್ಲಿ ಕೆರೆದರೆ ನಾಲಿಗೆ ಮೆತ್ತಗಾಗಿ ಶ್ರುತಿ ಇಳಿಯುತ್ತದೆ. ಆ 14ರಲ್ಲೂ ಬುಡದಲ್ಲೇ ಗೀರು. 64ರಲ್ಲಿ ಗೀರು ತುಂಬ ಕಡಿಮೆ. ಅಂದರೆ ಆ ರಿಪೇರಿಯವರು ಹಳೆಯ 64ನ್ನು ಹೊಸ ಶ್ರುತಿಗೆ ಎಳೆಯಲಿಲ್ಲ, ಹೊಸ 14ನ್ನು ಹಳೇ ಶ್ರುತಿಗೆ ಇಳಿಸಿದರು. ಯಾರೋ ತಿಳಿದವರು. ಅವರ ಹೆಸರು ಆ ಚೀಟಿಯಲ್ಲಿ ಉಳಿದಿರಬೇಕಿತ್ತು.

ಬೋರ್ಡಿನ ಮೂಲೆಯಲ್ಲಿ, ಬಾಸ್ ರೀಡುಗಳ ಹಿಂದೆ, ಪೆನ್ಸಿಲಿನ ಬರಹ. ಟಾರ್ಚನ್ನು ಅಡ್ಡ ಹಿಡಿದಾಗ ಮಾತ್ರ ಕಂಡಿತು. "ಖರ ಸಂ. ಮಾಘ. ಶ್ರುತಿ. 3 ರೂ. 8 ಆಣೆ."

ಆಣೆ ಇದ್ದ ಮೇಲೆ 1957ರ ಏಪ್ರಿಲಿಗೂ ಮುಂಚಿನದು, ಅವತ್ತು ನಯಾಪೈಸೆ ಬಂತು. ಖರ ಸಂವತ್ಸರ ಈಚೆಗೆ ಬಂದದ್ದು 2011ರ ಯುಗಾದಿಗೆ. 60 ವರ್ಷ ಹಿಂದೆ ಹೋದರೆ 1951ರ ಯುಗಾದಿ. ಅದರ ಮಾಘ ಅಂದರೆ 1952ರ ಆರಂಭ. ಇನ್ನೊಂದು ಸುತ್ತು ಹಿಂದೆ ಹೋದರೆ 1892. ಯಜಮಾನರ ಅಪ್ಪ ಹುಟ್ಟಿದ್ದೇ 1920ರ ಸುಮಾರಿಗೆ, ಹಾಗಾಗಿ ನಾನು 1952 ಅಂತ ಹಿಡಿದೆ. ಅವತ್ತಿಗೇ ಶ್ರುತಿ ಮಾಡಿಸಬೇಕಾಗಿ ಬಂದಿತ್ತು ಅಂದರೆ ರೀಡು ಅದಕ್ಕೂ ಹಿಂದಿನದು.

"ಯಜಮಾನ್ರೇ, ಇದರ ಹೊಟ್ಟೆ ಬೇರೆ, ಮೈ ಬೇರೆ" ಅಂದೆ. "ರೀಡ್ ಬೋರ್ಡು ಹಳೇದು, ಎಪ್ಪತ್ತು ವರ್ಷಕ್ಕೆ ಮೋಸವಿಲ್ಲ. ಜಾಸ್ತೀನೂ ಇರಬಹುದು. ಪೆಟ್ಟಿಗೆ ಎಪ್ಪತ್ತೆರಡನೇ ಇಸವಿ ಆದ ಮೇಲಿನದು."

ಅವರ ಮುಖ ಇಳಿಯಿತು. "ಅದೆಂಗ್ರಿ? ನಾನು ಹುಟ್ಟಿದಾಗಿಂದ ನೋಡೀನಿ."

ಆಗ ಮೂಲೆಯಿಂದ ಅಜ್ಜಿ ಹುಣಸೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೇಳಿದರು. "ಮಾಸ್ತರು ಹೇಳೋದು ಖರೇನೋ ತಮ್ಮಾ. ಮೊದಲು ಅದಕ್ಕೆ ಕಾಲು ಇದ್ವು. ಅಪ್ಪ ಕುರ್ಚಿ ಮ್ಯಾಲೆ ಕುಂತು ತುಳೀತಿದ್ದ. ಕಾಲಿಗೆ ಗೆದ್ದಲು ಹತ್ತಿತು. ಆಮ್ಯಾಲೆ ದಾವಣಗೆರ್ಯಾಗೆ ಕೂಡಿಸಿ ತಂದ. ನೀನು ಆಗ ಕೆಲಸಕ್ಕಂತ ಬೆಂಗಳೂರಾಗೆ ಇದ್ದಿ."

ಕಾಲು ಹಾರ್ಮೋನಿಯಂ! ಕಂಪನಿ ನಾಟಕದಲ್ಲಿ ಮಾಸ್ತರರು ತುಳಿದು ನುಡಿಸುತ್ತಿದ್ದದ್ದು ಅದನ್ನೇ. ಎರಡೂ ಕೈ ಮನೆಗಳ ಮೇಲೆ ಆಡಬೇಕಾದರೆ ಗಾಳಿ ಕಾಲಿನಿಂದಲೇ ಬರಬೇಕು. ನಾಟಕ ಕಂಪನಿ ಅನ್ನುವ ಮೂರನೇ ಮಾತೂ ನಿಜವೇ ಅಂತ ನನಗೆ ಅನ್ನಿಸಿತು. ತೂತು, ರಂದದ ಅಂಚು ನೋಡಿ ನಾನು ಬೇರೆ ಪೆಟ್ಟಿಗೆ ಅನ್ನುವವರೆಗೆ ಹೋಗಿದ್ದೆ. ಕಾಲಿನ ತನಕ ಕರೆದುಕೊಂಡು ಹೋದದ್ದು ಆ ಅಜ್ಜಿ. ಅಂದಿನಿಂದ ಯಾವ ಮನೆಗೆ ಹೋದರೂ ಅಲ್ಲಿನ ಹಿರಿಯ ಹೆಣ್ಣುಮಕ್ಕಳನ್ನು ಕೇಳದೆ ಬರುವುದಿಲ್ಲ.

ಪೆಟ್ಟಿಗೆ ಮಾರಲು ಯಜಮಾನರು 30 ಸಾವಿರ ಹೇಳಿದ್ದರು. ನಾನು ಕಂಡದ್ದನ್ನೆಲ್ಲ ಒಂದೂ ಮುಚ್ಚಿಡದೆ ಹೇಳಿದೆ. ಪೆಟ್ಟಿಗೆಗೆ ಬೆಲೆಯಿಲ್ಲ, ಬೋರ್ಡಿಗೆ ಇದೆ, 14 ರೀಡು ಆಮೇಲಿನವು, ತಿದಿ ಹೊಸದಾಗಿ ಆಗಬೇಕು. ನಾಟಕದ ಪೂರ್ತಿ ಕಾಲು ಹಾರ್ಮೋನಿಯಂ ಸಿಕ್ಕಿದ್ದರೆ ಅವರು ಹೇಳಿದ್ದಕ್ಕಿಂತ ಹೆಚ್ಚೇ ಕೊಡುತ್ತಿದ್ದೆ. ಕೊನೆಗೆ 17,500ಕ್ಕೆ ಒಪ್ಪಿಗೆಯಾಯಿತು.

ಮನೆಗೆ ತಂದ ಮೇಲೆ ತಿದಿಯ ಬಟ್ಟೆ, ಚರ್ಮ ಬದಲಿಸಿದೆ. ಎದ್ದೇಳದ ನಾಲ್ಕು ಮನೆಗಳ ಸ್ಪ್ರಿಂಗ್ ಸರಿಮಾಡಿದೆ. ಶ್ರುತಿ ಮುಟ್ಟಲಿಲ್ಲ. 440ಕ್ಕೆ ಏರಿಸಿ ಅಂತ ಗೆಳೆಯರು ಹೇಳಿದರು. ಏರಿಸಬೇಕಾದರೆ 78 ನಾಲಿಗೆಯ ತುದಿ ಕೆರೆಯಬೇಕು. ಕೆರೆದ ಹಿತ್ತಾಳೆ ಮತ್ತೆ ಬರುವುದಿಲ್ಲ. ವಚನ ಹಾಡುವವರು ಒಂದು ಕೂದಲೆಳೆ ಕೆಳಗೆ ಹಾಡಿದರೆ ಏನೂ ತೊಂದರೆಯಿಲ್ಲ, ತಬಲಾದವರು ಇಳಿಸಿಕೊಳ್ಳುತ್ತಾರೆ.

ಬೋರ್ಡು ಮುಚ್ಚುವ ಮುಂಚೆ ಆ ಹಳೇ ಬರಹದ ಕೆಳಗೆ ಪೆನ್ಸಿಲಿನಿಂದಲೇ ಬರೆದೆ. "ಕ್ರೋಧಿ ಸಂ. ಕಾರ್ತಿಕ. ನವೆಂಬರ್ 2024. ದಾವಣಗೆರೆ. ತಿದಿ ಮಾತ್ರ ಹೊಸದು. ಶ್ರುತಿ ಮುಟ್ಟಿಲ್ಲ. ಮೊದಲು ಕಾಲು ಪೆಟ್ಟಿಗೆ ಆಗಿತ್ತು."